‘ನನ್ನ ಕೈಯಲ್ಲಿದ್ದಾಗ ಮಗು ಒಮ್ಮೆ ಬಿದ್ದಿತ್ತು’ ಎಂದವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದೇ?

ಪ್ರಶ್ನೆ: ನಮ್ಮ ಮಗಳಿಗೆ ಮೊನ್ನೆ ನಾಲ್ಕು ತಿಂಗಳು ತುಂಬಿತು. ಹೆರಿಗೆಗೆ ಐದು ವಾರ ಮುಂಚೆಯೇ ರಜೆ ಹಾಕಬೇಕಾಗಿ ಬಂದದ್ದರಿಂದ ಇನ್ನು ನಾಲ್ಕು ವಾರಕ್ಕೆ ನಾನು ಕೆಲಸಕ್ಕೆ ಮರಳಬೇಕು. ಮನೆ ವಿಜಯನಗರ, ಆಫೀಸು ವೈಟ್‌ಫೀಲ್ಡ್. ಅತ್ತೆಯವರು ದಾವಣಗೆರೆಯಲ್ಲಿದ್ದಾರೆ, ಮಂಡಿನೋವು, ಮಗುವನ್ನು ಎತ್ತಿಕೊಂಡು ಓಡಾಡಲಾರರು. ಅಮ್ಮ ಊರಿನಿಂದ ಹದಿಮೂರು ವರ್ಷದ ಹುಡುಗಿಯೊಬ್ಬಳನ್ನು ಕಳಿಸುತ್ತೇನೆ ಅನ್ನುತ್ತಾರೆ. ನಾವು ಮೂವರನ್ನು ಕರೆಸಿ ಮಾತಾಡಿಸಿದೆವು. ಒಬ್ಬರು ಏಜೆನ್ಸಿಯಿಂದ ಬಂದವರು. ತರಬೇತಿಯ ಸರ್ಟಿಫಿಕೇಟ್ ಇದೆ, ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಹೇಳಿದರು. ಎರಡನೆಯವರು ಹಾಸನದ ಕಡೆಯವರು, ಐವತ್ತು ದಾಟಿದೆ. ‘ನಾಲ್ಕು ಮೊಮ್ಮಕ್ಕಳನ್ನ ಬೆಳೆಸಿದೀನಿ, ನಂಗೆ ಏನೂ ಹೇಳಿಕೊಡಬೇಕಾಗಿಲ್ಲ’ ಅಂದರು. ಮೂರನೆಯವರಿಗೆ ಮೂವತ್ತನಾಲ್ಕು. ನಾಗರಬಾವಿಯ ಒಂದು ಮನೆಯಲ್ಲಿ ಎರಡೂವರೆ ವರ್ಷ ಮಗು ನೋಡಿಕೊಂಡಿದ್ದಾರೆ. ನನಗೆ ಅವರೇ ಹಿಡಿಸಿದ್ದರು. ಆದರೆ ಹೊರಡುವ ಮುಂಚೆ ಅವರೇ, ‘ಅಕ್ಕಾ, ಆ ಮನೇಲಿ ಮಗು ಒಂದ್ಸಲ ಮಂಚದಿಂದ ಬಿದ್ದಿತ್ತು, ನಾನಿದ್ದಾಗಲೇ’ ಅಂದುಬಿಟ್ಟರು. ನನ್ನ ಎದೆ ಝಲ್ಲೆಂದಿತು. ತಮ್ಮ ಮಕ್ಕಳು ಸ್ಕೂಲಿಂದ ಬರುವುದರಿಂದ ಐದೂವರೆಗೆ ಹೊರಡಲೇಬೇಕು ಎಂದೂ ಹೇಳಿದರು. ನಮ್ಮವರು ಏಜೆನ್ಸಿಯವರನ್ನೇ ಇಟ್ಟುಕೊಂಡು ಕ್ಯಾಮೆರಾ ಹಾಕಿಸೋಣ ಅನ್ನುತ್ತಾರೆ. ಮೂರನೆಯವರಿಗೆ ಬೇಡ ಅಂದುಬಿಡಲೇ?

ಉತ್ತರ: ಬೇಡ ಅನ್ನಬೇಡಿ. ಅವರನ್ನು ಇನ್ನೊಮ್ಮೆ ಕರೆಸಿ.

ಮಕ್ಕಳ ವೈದ್ಯೆಯಾಗಿ ಇಪ್ಪತ್ತೈದು ವರ್ಷದಿಂದ ಬೆಂಗಳೂರಿನಲ್ಲೇ ಇದ್ದೇನೆ. ಮಂಚದಿಂದ, ಸೋಫಾದಿಂದ, ಅಪ್ಪನ ತೋಳಿನಿಂದ, ಅಜ್ಜಿಯ ಮಡಿಲಿನಿಂದ ಬಿದ್ದ ಮಕ್ಕಳು ಎಷ್ಟು ಬಂದಿವೆಯೋ ಲೆಕ್ಕವಿಲ್ಲ. ಬಹುಪಾಲು ಮಕ್ಕಳಿಗೆ ಏನೂ ಆಗಿರುವುದಿಲ್ಲ. ನನ್ನನ್ನು ಇಂದಿಗೂ ಕಾಡುವುದು ಎಂಟು ತಿಂಗಳ ಒಂದು ಗಂಡುಮಗು. ವಾಂತಿ ಎಂದು ಕರೆತಂದರು. ಜ್ವರವಿಲ್ಲ, ಭೇದಿಯಿಲ್ಲ. ತಾಯಿಗೆ ಏನೂ ಗೊತ್ತಿಲ್ಲ. ಮಗು ನೋಡಿಕೊಳ್ಳುವವರು ‘ಬೆಳಗಿನಿಂದ ಹಿಂಗೇ ಇದೆ’ ಎಂದಷ್ಟೇ ಹೇಳಿದರು. ಹೊಟ್ಟೆಯ ತೊಂದರೆ ಇರಬಹುದೆಂದು ಒಂದು ದಿನ ಹೋಯಿತು. ಮರುದಿನ ಮಗು ಮಂಕಾದಾಗ ಸ್ಕ್ಯಾನ್ ಮಾಡಿಸಿದೆವು. ತಲೆಬುರುಡೆ ಬಿರುಕು ಬಿಟ್ಟಿತ್ತು, ಒಳಗೆ ಸ್ವಲ್ಪ ರಕ್ತ ಸೋರಿತ್ತು. ಆಗ ಆ ಹೆಂಗಸು ಅಳುತ್ತ ಹೇಳಿದರು: ‘ಮೊನ್ನೆ ಮಧ್ಯಾಹ್ನ ಬಿತ್ತು ಮೇಡಮ್. ಹೇಳಿದ್ರೆ ಕೆಲಸ ಹೋಗ್ತಿತ್ತು.’ ಮಗು ಹುಷಾರಾಯಿತು. ಆದರೆ ಚಿಕಿತ್ಸೆ ಒಂದೂವರೆ ದಿನ ತಡವಾಗಿತ್ತು.

ಆ ಹೆಂಗಸು ಕೆಟ್ಟವರಲ್ಲ, ಹೆದರಿದ್ದರು ಅಷ್ಟೇ. ಆ ಮನೆಯಲ್ಲಿ ಹಾಲಿನ ಲೋಟ ಒಡೆದರೂ ಸಂಬಳದಲ್ಲಿ ಹಿಡಿಯುತ್ತಿದ್ದರಂತೆ. ಮಾತಾಡಲು ಬಾರದ ಕೂಸಿನ ವಿಷಯದಲ್ಲಿ ನಿಮ್ಮ ಕಣ್ಣು, ಕಿವಿ, ಬಾಯಿ ಎಲ್ಲವೂ ಇನ್ನು ಮುಂದೆ ಅದನ್ನು ನೋಡಿಕೊಳ್ಳುವವರೇ. ಹಾಗಾಗಿ ಸಂದರ್ಶನದಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇದು: ಕೆಟ್ಟ ಸುದ್ದಿಯನ್ನು ಇವರು ನನಗೆ ಹೇಳುತ್ತಾರೆಯೇ? ನಿಮ್ಮ ಮೂರನೆಯವರು ಕೆಲಸ ಸಿಗುವ ಮೊದಲೇ, ಕೆಲಸ ತಪ್ಪಬಹುದೆಂದು ಗೊತ್ತಿದ್ದೂ, ಯಾರೂ ಕೇಳದೆ ಹೇಳಿದ್ದಾರೆ. ಇದಕ್ಕೆ ಯಾವ ತರಬೇತಿ ಕೇಂದ್ರವೂ ಸರ್ಟಿಫಿಕೇಟ್ ಕೊಡುವುದಿಲ್ಲ.

ಹಾಗೆಂದು ಕಣ್ಣು ಮುಚ್ಚಿ ಒಪ್ಪಿಕೊಳ್ಳಿ ಅನ್ನುತ್ತಿಲ್ಲ. ಕೂರಿಸಿ, ಕಾಫಿ ಕೊಟ್ಟು, ‘ಆವತ್ತು ಏನಾಯ್ತು, ಹೇಳಿ’ ಎಂದು ಕೇಳಿ, ಮಧ್ಯೆ ಬಾಯಿ ಹಾಕಬೇಡಿ. ಮಗು ಎಲ್ಲಿತ್ತು, ಇವರು ಎಲ್ಲಿದ್ದರು, ಬಿದ್ದ ಮೊದಲ ನಿಮಿಷದಲ್ಲಿ ಏನು ಮಾಡಿದರು, ತಾಯಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದರು ಎನ್ನುವುದೆಲ್ಲ ತಾನಾಗಿ ಬರಬೇಕು. ಕೊನೆಯಲ್ಲಿ ಒಂದೇ ಒಂದು ಕೇಳಿ: ಅದಾದ ಮೇಲೆ ಏನು ಬದಲಾಯಿಸಿಕೊಂಡಿರಿ? ‘ಡಯಾಪರ್ ತರೋಕೆ ಅಂತ ಎರಡು ಹೆಜ್ಜೆ ಹೋಗಿದ್ದೆ ಅಕ್ಕಾ, ಅಲ್ಲೀವರೆಗೂ ಬೋರಲು ಬಿದ್ದಿರಲಿಲ್ಲ. ಆಮೇಲಿಂದ ಚಾಪೆ ಹಾಕಿ ನೆಲದ ಮೇಲೇ ಬದಲಾಯಿಸ್ತೀನಿ’ ಎಂಬಂಥ ಉತ್ತರ ಬಂದರೆ ಅವರು ಆ ದಿನದಿಂದ ಕಲಿತಿದ್ದಾರೆ. ‘ಆ ಮಗೂನೇ ಹಂಗೆ, ಒಂದು ಕಡೆ ಇರ್ತಿರಲಿಲ್ಲ’ ಎಂದು ಮಗುವಿನ ಮೇಲೆ ಹಾಕಿದರೆ ನಾನು ಹಿಂಜರಿಯುತ್ತೇನೆ. ಆಮೇಲೆ ನಾಗರಬಾವಿಯ ಆ ತಾಯಿಗೂ ಫೋನ್ ಮಾಡಿ ಇದೇ ಘಟನೆ ಕೇಳಿ. ಎರಡು ಕಡೆಯ ಕತೆ ಹೊಂದಬೇಕು. ಬಿದ್ದ ಮೇಲೂ ಆ ಮನೆಯವರು ಇವರನ್ನು ಮುಂದುವರಿಸಿದ್ದರೆ ಅದೇ ದೊಡ್ಡ ಸಾಕ್ಷಿ.

ನಿಮ್ಮ ಅಮ್ಮನ ಮಾತಿಗೆ ಬರುತ್ತೇನೆ. ಹದಿಮೂರರ ಹುಡುಗಿ ಬೇಡವೇ ಬೇಡ. ಹದಿನಾಲ್ಕು ತುಂಬದ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್‌ನಲ್ಲೇ ನಿಷೇಧಿಸಿದ್ದಾರೆ. 2016ರ ತಿದ್ದುಪಡಿಯ ನಂತರ ಆ ವಯಸ್ಸಿನವರನ್ನು ಬೇರೆಯವರ ಮನೆಯ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, ಇಟ್ಟುಕೊಂಡರೆ ಜೈಲುಶಿಕ್ಷೆಯೂ ಆಗಬಹುದು. ಕಾನೂನನ್ನು ಪಕ್ಕಕ್ಕಿಟ್ಟರೂ, ಆ ಹುಡುಗಿ ತಾನೇ ಮಗು. ಹತ್ತು ಗಂಟೆ ಒಬ್ಬಳೇ ಮನೆಯಲ್ಲಿದ್ದು ಇನ್ನೊಂದು ಕೂಸಿನ ಜೀವದ ಹೊಣೆ ಹೊರುವ ವಯಸ್ಸಲ್ಲ ಅದು. ಅಮ್ಮನಿಗೆ ಬೇಸರವಾಗದಂತೆ ಹೇಳಿ, ಆದರೆ ಖಂಡಿತವಾಗಿ ಹೇಳಿ. ಆ ಹುಡುಗಿಯ ಓದಿಗೆ ಏನಾದರೂ ನೆರವಾಗಲು ಸಾಧ್ಯವಿದ್ದರೆ ಅದನ್ನು ಬೇರೆಯಾಗಿ ಮಾಡಿ.

ಆಫೀಸಿನಲ್ಲಿ ಐವತ್ತು ಅಥವಾ ಹೆಚ್ಚು ನೌಕರರಿದ್ದರೆ ಶಿಶುವಿಹಾರದ ವ್ಯವಸ್ಥೆ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. 26 ವಾರಗಳ ರಜೆ ತಂದ 2017ರ ತಿದ್ದುಪಡಿಯಲ್ಲೇ ಇದೂ ಬಂತು. ಕೇಳಿ ತಿಳಿದುಕೊಂಡಿರಿ. ಆದರೆ ನಾಲ್ಕು ತಿಂಗಳ ಕೂಸನ್ನು ಕಟ್ಟಿಕೊಂಡು ದಿನಾ ವಿಜಯನಗರದಿಂದ ವೈಟ್‌ಫೀಲ್ಡಿಗೆ, ಮೆಟ್ರೊ ನೇರಳೆ ಮಾರ್ಗದ ಪಶ್ಚಿಮ ಭಾಗದಿಂದ ಪೂರ್ವದ ತುದಿಗೆ, ನಿತ್ಯದ ನೂಕುನುಗ್ಗಲಿನಲ್ಲಿ ಹೋಗಿ ಬನ್ನಿ ಎಂದು ನಾನು ಹೇಳಲಾರೆ. ಮನೆಯಲ್ಲೇ ಒಬ್ಬರು ಇರುವುದು ಈಗ ಸರಿ. ಸಮಯವೂ ನಿಮ್ಮ ಕಡೆಗಿದೆ. ಏಳೆಂಟು ತಿಂಗಳಿಗೆ ಮಕ್ಕಳು ಹೊಸಬರ ಮುಖ ಕಂಡರೆ ಅಳಲು ಶುರು ಮಾಡುತ್ತವೆ. ನಾಲ್ಕೈದು ತಿಂಗಳ ಕೂಸು ನಗುವ ಯಾವ ಮುಖಕ್ಕಾದರೂ ನಗುತ್ತದೆ. ಈಗ ಬಂದವರು ಆ ಹೊತ್ತಿಗೆ ಹಳಬರಾಗಿರುತ್ತಾರೆ.

ನೀವು ಮೂವರನ್ನೂ ಮಾತಾಡಿಸಿದ್ದೀರಿ, ಆದರೆ ಮಗು ಆಗ ಎಲ್ಲಿತ್ತು ಎಂದು ಬರೆದಿಲ್ಲ. ಒಳಗೆ ಮಲಗಿತ್ತು ಎಂದು ನನ್ನ ಊಹೆ. ಎರಡನೆಯ ಸಲ ಮಗು ಎದ್ದಿರುವ, ಹೊಟ್ಟೆ ತುಂಬಿರುವ ಹೊತ್ತಿಗೇ ಕರೆಸಿ, ನಿಮ್ಮ ತೊಡೆಯ ಮೇಲೇ ಇಟ್ಟುಕೊಂಡು ಕೂತುಕೊಳ್ಳಿ. ಮೊದಲ ಹತ್ತು ನಿಮಿಷ ಪ್ರಶ್ನೆ ಬೇಡ, ಊರು, ಮಕ್ಕಳು, ಬಸ್ಸಿನ ಮಾತು ಸಾಕು. ಅಷ್ಟರಲ್ಲಿ ಅವರ ಕಣ್ಣು ಎಲ್ಲಿದೆ ನೋಡಿ. ಮಗುವಿನ ಅಭ್ಯಾಸ ಇರುವವರ ಗಮನ ನಿಮ್ಮೊಡನೆ ಮಾತಾಡುತ್ತಿದ್ದರೂ ಕೂಸಿನ ಮೇಲೇ ಇರುತ್ತದೆ. ‘ಕುತ್ತಿಗೆ ಹತ್ರ ಬೆವರುಸಾಲೆ ಎದ್ದಿದೆಯಲ್ಲ’ ಅನ್ನುತ್ತಾರೆ, ಜಾರಿದ ಸಾಕ್ಸನ್ನು ತಮಗೇ ತಿಳಿಯದಂತೆ ಮೇಲೆಳೆಯುತ್ತಾರೆ. ಬಂದವರೇ ಕೈಯಿಂದ ಕಸಿದುಕೊಂಡು ಕೆನ್ನೆ ಹಿಂಡುವವರಿಗಿಂತ, ಸ್ವಲ್ಪ ದೂರದಲ್ಲಿ ಕೂತು ಮಗು ತಮ್ಮನ್ನು ನೋಡಲಿ ಎಂದು ಕಾಯುವವರು ನನಗೆ ಇಷ್ಟ. ಎತ್ತಿಕೊಳ್ಳಿ ಎಂದಾಗ ‘ಕೈ ತೊಳ್ಕೊಂಡು ಬರ್ತೀನಿ’ ಎಂದು ಎದ್ದರಂತೂ ಅರ್ಧ ಸಂದರ್ಶನ ಮುಗಿದ ಹಾಗೆ.

ಆಮೇಲೆ ಪ್ರಶ್ನೆಗಳು. ‘ಮಗು ನೋಡಿಕೊಳ್ಳೋಕೆ ಬರುತ್ತಾ?’ ಎಂದರೆ ಎಲ್ಲರೂ ‘ಬರುತ್ತೆ’ ಅನ್ನುತ್ತಾರೆ. ‘ಮಗು ಅತ್ತರೆ ಏನ್ಮಾಡ್ತೀರಿ?’ ಎಂದರೆ ‘ಸಮಾಧಾನ ಮಾಡ್ತೀನಿ’ ಅನ್ನುತ್ತಾರೆ. ಹಾಗೆ ಕೇಳಬೇಡಿ. ನಡೆದದ್ದನ್ನು ಕೇಳಿ. ‘ಹಿಂದಿನ ಮನೇಲಿ ಆ ಮಗು ತುಂಬಾ ಅತ್ತ ದಿನ ಯಾವುದು? ಆವತ್ತು ಏನೇನು ಮಾಡಿದ್ರಿ?’ ಎಂದಾಗ ಕಂಠಪಾಠದ ಉತ್ತರಕ್ಕೆ ದಾರಿ ಇರುವುದಿಲ್ಲ. ಕೆಲಸ ಮಾಡಿದವರಿಗೆ ನೆನಪು ಬರುತ್ತದೆ, ಮಾಡದವರು ಮತ್ತೆ ‘ಸಮಾಧಾನ ಮಾಡ್ತೀನಿ’ಗೇ ಬರುತ್ತಾರೆ. ಏಜೆನ್ಸಿಯವರ ಥಟ್ಟನೆ ಉತ್ತರಗಳನ್ನು ಹೀಗೆ ಪರೀಕ್ಷಿಸಿ ನೋಡಿ. ಅವರಲ್ಲೂ ಒಳ್ಳೆಯವರಿದ್ದಾರೆ, ಆದರೆ ಸಂದರ್ಶನಕ್ಕೆ ತಯಾರಾಗಿ ಬಂದಿರುತ್ತಾರೆ.

ಅಳುವಿನ ಪ್ರಶ್ನೆಯ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಕಾರಣವಿದೆ. ಹುಟ್ಟಿದ ಆರರಿಂದ ಎಂಟನೆಯ ವಾರದ ಹೊತ್ತಿಗೆ ಅಳು ಅತಿ ಹೆಚ್ಚಿರುತ್ತದೆ. ನಿಮ್ಮ ಮಗಳು ಆ ಹಂತ ದಾಟಿದ್ದಾಳೆ. ಆದರೂ ನೀವು ಕೆಲಸಕ್ಕೆ ಹೊರಟ ಮೊದಲ ವಾರ, ಹಲ್ಲು ಬರುವಾಗ, ಚುಚ್ಚುಮದ್ದು ಹಾಕಿಸಿದ ದಿನ ಅವಳು ಗಂಟೆಗಟ್ಟಲೆ ಅತ್ತಾಳು. ಒಬ್ಬರೇ ಇರುವಾಗ ಅಂಥ ಅಳು ಎಂಥ ತಾಳ್ಮೆಯವರನ್ನೂ ಕುಗ್ಗಿಸುತ್ತದೆ. ಆಗ ಮಗುವನ್ನು ಹಿಡಿದು ಜೋರಾಗಿ ಅಲ್ಲಾಡಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಅನಾಹುತವಾಗುತ್ತದೆ. ಕೂಸಿನ ತಲೆ ಭಾರ, ಕುತ್ತಿಗೆ ಎಳೆಯದು. ಮಿದುಳಿನ ಸುತ್ತಲಿನ ರಕ್ತನಾಳ ಹರಿದು ಮಗು ಕುರುಡಾಗಬಹುದು, ಸಾಯಲೂಬಹುದು. ಇದನ್ನು ಯಾರಿಗಾದರೂ ನೇರವಾಗಿ, ಮೃದುವಾಗಿ ಹೇಳಬೇಕು, ಅಜ್ಜಿಗೂ ಅಪ್ಪನಿಗೂ ಸಹ. ನಾನು ಕೇಳಬಯಸುವ ಉತ್ತರ ಹೀಗಿರುತ್ತದೆ: ಹಾಲು ನೋಡ್ತೀನಿ, ಒದ್ದೆ ಆಗಿದೆಯಾ ನೋಡ್ತೀನಿ, ಮೈ ಬಿಸಿ ಇದೆಯಾ ಮುಟ್ಟಿ ನೋಡ್ತೀನಿ, ಹೆಗಲ ಮೇಲೆ ಹಾಕ್ಕೊಂಡು ಓಡಾಡ್ತೀನಿ, ಆದರೂ ಆಗದಿದ್ರೆ ನಿಮಗೆ ಫೋನ್ ಮಾಡ್ತೀನಿ. ನೀವು ಸೇರಿಸಬೇಕಾದ ಮಾತು ಒಂದಿದೆ. ಕೈ ಸೋತಾಗ, ಸಿಟ್ಟು ಬಂದಾಗ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಬಾಲ್ಕನಿಯಲ್ಲಿ ನಿಂತು ಬರುವುದು ತಪ್ಪಲ್ಲ, ಅದಕ್ಕೆ ನಾವು ಏನೂ ಅನ್ನುವುದಿಲ್ಲ ಎಂದು ಹೇಳಿ.

‘ನಾನು ನೋಡ್ಕೊಂಡ ಮಕ್ಕಳು ಅಳೋದೇ ಇಲ್ಲ’ ಎನ್ನುವವರಿದ್ದಾರೆ. ಆ ಮಾತು ಕೇಳಿದರೆ ನನಗೆ ಸಮಾಧಾನಕ್ಕಿಂತ ಆತಂಕವೇ ಹೆಚ್ಚು. ಅಳದ ಕೂಸು ಎಲ್ಲೂ ಇಲ್ಲ. ಮಗು ಮಲಗಲಿ ಎಂದು ನೆಗಡಿ-ಕೆಮ್ಮಿನ ಸಿರಪ್ ಕುಡಿಸುವುದು ನಡೆಯುತ್ತದೆ. ಹಗಲಿಡೀ ನಿದ್ದೆ, ಎದ್ದಾಗ ಮಂಕು, ಹಾಲಿಗೆ ಮುಖ ತಿರುಗಿಸುವುದು, ಇವು ಕಂಡರೆ ಗಮನಿಸಿ. ಮೊದಲೇ ನಿಯಮ ಮಾಡಿಬಿಡಿ: ನಾವು ಫೋನಿನಲ್ಲಿ ಹೇಳದೆ ಯಾವ ಔಷಧಿಯೂ ಒಂದು ಹನಿಯೂ ಇಲ್ಲ. ಮನೆಯ ಔಷಧಿಗಳನ್ನೆಲ್ಲ ಬೀಗ ಹಾಕಿ ಎತ್ತಿಡಿ, ಮಗುವಿನ ಪ್ಯಾರಾಸಿಟಮಾಲ್ ಕೂಡ.

ಈಗ ಹಾಸನದ ಆ ಹಿರಿಯರ ವಿಷಯ. ಅನುಭವ ಇರುವವರನ್ನು ನಾನು ಎಂದೂ ಹಗುರವಾಗಿ ಕಾಣುವುದಿಲ್ಲ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವ ಅವರ ಹದ ನನಗೇ ಇಲ್ಲ. ಆದರೆ ‘ಏನೂ ಹೇಳಿಕೊಡಬೇಕಾಗಿಲ್ಲ’ ಎನ್ನುವಲ್ಲಿ ನನಗೆ ತೊಡಕು ಕಾಣುತ್ತದೆ. ಮೂವತ್ತು ವರ್ಷದ ಹಿಂದೆ ಸರಿ ಎಂದು ನಾವೇ ವೈದ್ಯರು ಹೇಳುತ್ತಿದ್ದ ಕೆಲವು ಇಂದು ಸರಿಯಲ್ಲ. ಕೂಸನ್ನು ಬೋರಲು ಮಲಗಿಸಿದರೆ ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದು ಆಗ ಅನೇಕ ದೇಶಗಳಲ್ಲಿ ನಂಬಿದ್ದರು. ಅಂಗಾತ ಮಲಗಿಸಿ ಎಂಬ ಪ್ರಚಾರವನ್ನು ಅಮೆರಿಕದಲ್ಲಿ 1994ರಲ್ಲಿ ಶುರು ಮಾಡಿದ ಮೇಲೆ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಅಂಗಾತ, ಗಟ್ಟಿ ಹಾಸಿಗೆ, ಮುಖದ ಹತ್ತಿರ ಬಟ್ಟೆ-ಬೊಂಬೆ ಇಲ್ಲ, ತಲೆ ದುಂಡಗಾಗಲೆಂದು ಇಡುವ ದಿಂಬೂ ಇಲ್ಲ. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಇಲ್ಲ, ಬೇಸಿಗೆಯಲ್ಲಿ ನೀರು ಕೂಡ. ವರ್ಷ ತುಂಬುವ ತನಕ ಜೇನುತುಪ್ಪ ನಾಲಿಗೆಗೆ ಮುಟ್ಟಿಸಬಾರದು, ಬಾಟುಲಿಸಂ ಎಂಬ ಕಾಯಿಲೆಯಿಂದ ಕೂಸಿನ ಸ್ನಾಯುಗಳು ಸೋತು ಉಸಿರಾಟವೇ ನಿಲ್ಲಬಹುದು. ಬಜೆ ತೇಯ್ದು ನೆಕ್ಕಿಸುವುದು, ಮೂಗು-ಕಿವಿಗೆ ಎಣ್ಣೆ ಬಿಡುವುದು, ಸ್ನಾನವಾದ ಮೇಲೆ ಮುಖಕ್ಕೇ ಸಾಂಬ್ರಾಣಿ ಹೊಗೆ ಹಿಡಿಯುವುದು, ಕಣ್ಣಿಗೆ ಕಾಡಿಗೆ, ಇವೂ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆದ ಮಕ್ಕಳನ್ನು ನಾನೇ ನೋಡಿದ್ದೇನೆ. ಮೈಗೆ ಎಣ್ಣೆ ಹಚ್ಚಿ ನೀವುವುದು ಧಾರಾಳವಾಗಿ ಇರಲಿ.

ಇದನ್ನೆಲ್ಲ ಪಾಠದಂತೆ ಒಪ್ಪಿಸಿದರೆ ಹಿರಿಯರಿಗೆ ಅವಮಾನವಾಗುತ್ತದೆ. ‘ನಿಮ್ಮ ಕಡೆ ಹೊಟ್ಟೆನೋವಿಗೆ ಏನು ಕೊಡ್ತೀರಿ ಅಮ್ಮಾ?’ ಎಂದು ಕೇಳಿ. ಹೇಳಲಿ. ಆಮೇಲೆ ‘ನಮ್ಮ ಡಾಕ್ಟರು ಅದು ಬೇಡ ಅಂದಿದಾರೆ, ನಡೆಯುತ್ತಾ?’ ಅನ್ನಿ. ‘ನೀವು ಹೆಂಗೆ ಹೇಳ್ತೀರೋ ಹಂಗೆ, ನಿಮ್ಮ ಮಗು’ ಎಂದರೆ ಅವರನ್ನು ಧಾರಾಳವಾಗಿ ಪರಿಗಣಿಸಿ. ‘ಈ ಡಾಕ್ಟರುಗಳಿಗೇನು ಗೊತ್ತು’ ಎಂದರೆ ನೀವು ಹೊರಟ ಮೇಲೆ ಬಜೆ ತೇಯುವುದು ಖಂಡಿತ, ಅದನ್ನು ನಿಮಗೆ ಹೇಳುವುದಿಲ್ಲ ಎಂಬುದೂ ಖಂಡಿತ.

ಹಾಲಿನ ವ್ಯವಸ್ಥೆಯನ್ನು ಮಾತಿನಲ್ಲಿ ಕೇಳಬೇಡಿ, ಮಾಡಿಸಿ ನೋಡಿ. ಹಿಂಡಿಟ್ಟ ಎದೆಹಾಲು 25 ಡಿಗ್ರಿಯೊಳಗಿನ ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಇರುತ್ತದೆ. ಬಾಗಿಲಿನ ಅರೆಯಲ್ಲಿ ಇಡಬಾರದು. ಏಪ್ರಿಲ್‌ನ ಬೆಂಗಳೂರಿನಲ್ಲಿ ಹೊರಗಿಡುವ ಮಾತೇ ಬೇಡ. ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು, ಒಲೆಯ ಮೇಲೂ ಅಲ್ಲ, ಮೈಕ್ರೋವೇವಿನಲ್ಲೂ ಅಲ್ಲ. ಮಗು ಕುಡಿದು ಬಿಟ್ಟದ್ದನ್ನು ಎರಡು ಗಂಟೆಯ ಮೇಲೆ ಕೊಡಬಾರದು. ಬಾಟಲಿಗಿಂತ ಒಳಲೆ ಅಥವಾ ಚಮಚ ಒಳ್ಳೆಯದು, ತೊಳೆಯುವುದೂ ಸುಲಭ. ಆದರೆ ಮಗುವನ್ನು ಪೂರ್ತಿ ಮಲಗಿಸಿ ಒಳಲೆ ಬಾಯಿಗೆ ಸುರಿದರೆ ನೆತ್ತಿಗೇರುತ್ತದೆ. ತಲೆ ಎತ್ತರಕ್ಕಿರಬೇಕು, ಗುಟುಕು ನುಂಗುವುದನ್ನು ಕಾಯಬೇಕು. ಅವರ ಕೈಗೆ ಒಳಲೆ ಕೊಟ್ಟು ಪಕ್ಕದಲ್ಲಿ ಕೂತರೆ ತಾಳ್ಮೆ ಎಷ್ಟಿದೆ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಎರಡು ತಿಂಗಳಲ್ಲಿ ರಾಗಿ ಸರಿ ತಿನ್ನಿಸುವವರೂ ಇವರೇ.

ಮೊಬೈಲಿನ ಬಗ್ಗೆ ಒಂದು ಮಾತು. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೊನಿಕ್ ಒಂದು ಸರಳ ಪ್ರಯೋಗ ಮಾಡಿದರು. ಮಗುವಿನೊಡನೆ ನಗುತ್ತ ಆಡುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖವನ್ನು ಕಲ್ಲಿನಂತೆ ಇಟ್ಟುಕೊಂಡು ಮಗುವನ್ನೇ ನೋಡುತ್ತ ಕೂರಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಏನೇನೋ ಮಾಡಿ ತಾಯಿಯನ್ನು ಕರೆಯುತ್ತದೆ, ಕೊನೆಗೆ ಮುಖ ತಿರುಗಿಸಿಕೊಂಡು ಕುಗ್ಗಿಹೋಗುತ್ತದೆ. ಗಂಟೆಗಟ್ಟಲೆ ಮೊಬೈಲ್ ನೋಡುವ ಮುಖವೂ ಮಗುವಿನ ಪಾಲಿಗೆ ಹಾಗೆಯೇ. ಮಗು ಎದ್ದಿರುವಾಗ ಮೊಬೈಲ್ ಕರೆಗೆ ಮಾತ್ರ, ಮಲಗಿದಾಗ ನೋಡಿಕೊಳ್ಳಲಿ ಎಂದು ಹೇಳಿ. ಈ ನಿಯಮ ಸಂಜೆ ಮನೆಗೆ ಬಂದ ನಿಮ್ಮಿಬ್ಬರಿಗೂ ಅನ್ವಯಿಸಬೇಕು. ಮಗುವಿನ ಜೊತೆ ಕನ್ನಡದಲ್ಲಿ ಮಾತಾಡುತ್ತ, ತೊಟ್ಟಿಲು ತೂಗುತ್ತ ಹಾಡು ಗುನುಗುವವರು ಸಿಕ್ಕರೆ ಅದನ್ನು ದೊಡ್ಡ ಲಾಭವೆಂದು ಎಣಿಸಿ. ಬೇರೆ ಭಾಷೆಯವರಾದರೆ ಅವರ ಭಾಷೆಯಲ್ಲೇ ಮಾತಾಡಲಿ, ಮೌನ ಮಾತ್ರ ಬೇಡ.

ಹಿಂದಿನ ಮನೆಯವರ ಫೋನ್ ನಂಬರ್ ಎಂದು ಕೊಟ್ಟದ್ದು ಕೆಲವೊಮ್ಮೆ ಪರಿಚಯದವರದ್ದೇ ಆಗಿರುತ್ತದೆ. ಪತ್ತೆ ಮಾಡುವುದು ಕಷ್ಟವಲ್ಲ. ‘ಅವರು ಚೆನ್ನಾಗಿ ನೋಡ್ಕೊಳ್ತಿದ್ರಾ’ ಎನ್ನುವ ಬದಲು ‘ನಿಮ್ಮ ಮಗು ಆಗ ಮಧ್ಯಾಹ್ನ ಎಷ್ಟು ಹೊತ್ತಿಗೆ ಮಲಗ್ತಿತ್ತು, ಅವರು ಬಂದಾಗ ಎಷ್ಟು ತಿಂಗಳಾಗಿತ್ತು?’ ಎಂದು ಕೇಳಿ. ನಿಜವಾದ ತಾಯಿ ತಡವರಿಸುವುದಿಲ್ಲ. ಕೊನೆಗೆ ‘ಇನ್ನೊಂದು ಮಗು ಆದರೆ ಅವರನ್ನೇ ಕರೀತೀರಾ?’ ಎಂದು ಕೇಳಿ, ಉತ್ತರ ಬರುವ ಮುಂಚಿನ ಮೌನವನ್ನೂ ಗಮನಿಸಿ.

ಕಾಗದಪತ್ರದ ಕೆಲಸ ಚುಟುಕಾಗಿ ಹೇಳುತ್ತೇನೆ. ಆಧಾರ್ ಪ್ರತಿ, ಫೋಟೊ, ಈಗಿರುವ ಮನೆಯ ವಿಳಾಸ, ಅವರ ಮನೆಯವರೊಬ್ಬರ ನಂಬರ್ ತೆಗೆದುಕೊಳ್ಳಿ. ಮೂಲಪತ್ರವನ್ನು ಇಟ್ಟುಕೊಳ್ಳಬೇಡಿ, ಅದು ಒತ್ತೆಯಾಳಾಗಿ ಇಟ್ಟುಕೊಂಡ ಹಾಗೆ. ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಅವರಿಗೆ ತಿಳಿಸಿಯೇ ಮಾಡಿಸಿ. ಪೊಲೀಸ್ ದಾಖಲೆ ಇಲ್ಲ ಎಂಬುದರಿಂದ ಮಗುವನ್ನು ಹೇಗೆ ನೋಡಿಕೊಳ್ಳುತ್ತಾರೆಂದು ತಿಳಿಯುವುದಿಲ್ಲ, ಅಷ್ಟು ನೆನಪಿರಲಿ. ಏಜೆನ್ಸಿಯವರಾದರೆ ಅವರು ಕಟ್ಟಿಸಿಕೊಳ್ಳುವ ಹಣದಲ್ಲಿ ಆ ಹೆಂಗಸಿನ ಕೈಗೆ ಎಷ್ಟು ಸೇರುತ್ತದೆ ಎಂದು ಅವರನ್ನೇ ಕೇಳಿ. ‘ಆಗದಿದ್ದರೆ ಬೇರೆಯವರನ್ನು ಕಳಿಸುತ್ತೇವೆ’ ಎಂಬ ಭರವಸೆಯನ್ನು ಅನುಕೂಲ ಎಂದುಕೊಳ್ಳಬೇಡಿ. ಮೂರು ತಿಂಗಳಿಗೊಮ್ಮೆ ಮುಖ ಬದಲಾಗುವುದು ಕೂಸಿಗೆ ಎಲ್ಲಕ್ಕಿಂತ ಕಷ್ಟ.

ಆರೋಗ್ಯದ ವಿಷಯದಲ್ಲಿ ಸಂಕೋಚ ಬೇಡ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಒಮ್ಮೆ ಎದೆಯ ಎಕ್ಸ್‌ರೇ, ನಾಯಿಕೆಮ್ಮು ಮತ್ತು ಫ್ಲೂ ಲಸಿಕೆ ಮಾಡಿಸಿ. ಖರ್ಚು ನಿಮ್ಮದೇ ಇರಲಿ. ಮನೆಯಲ್ಲಿರುವ ಎಲ್ಲರೂ ಒಟ್ಟಿಗೆ ಹೋಗಿ ಹಾಕಿಸಿಕೊಂಡರೆ ಅವರನ್ನು ಅನುಮಾನಿಸಿದಂತೆ ಆಗುವುದಿಲ್ಲ.

ಒಪ್ಪಿಗೆಯಾದ ಮೇಲೆ ಒಂದು ವಾರ ಪೂರ್ತಿ ಸಂಬಳ ಕೊಟ್ಟು ನೀವು ಮನೆಯಲ್ಲಿರುವಾಗಲೇ ಕರೆಸಿಕೊಳ್ಳಿ. ಮೊದಲ ಎರಡು ದಿನ ನೀವು ಮಾಡುವುದನ್ನು ಅವರು ನೋಡಲಿ, ಮುಂದಿನ ಎರಡು ದಿನ ಅವರು ಮಾಡಲಿ, ನೀವು ಪಕ್ಕದ ಕೋಣೆಯಲ್ಲಿರಿ. ಆಮೇಲೆ ಅರ್ಧ ಗಂಟೆ ತರಕಾರಿಗೆ ಹೋಗಿ, ಒಂದು ದಿನ ಎರಡು ಗಂಟೆ. ಮಗುವನ್ನು ಅವರ ಕೈಗೆ ಕೊಟ್ಟು, ‘ಹೋಗಿ ಬರ್ತೀನಿ’ ಎಂದು ಹೇಳಿಯೇ ಹೊರಡಿ, ಕದ್ದು ಹೋಗಬೇಡಿ. ಆ ವಾರದಲ್ಲೇ ನೀವೂ ಅವರೂ, ಸಾಧ್ಯವಾದರೆ ನಿಮ್ಮ ಯಜಮಾನರೂ, ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ನಿಮ್ಮ ಮಕ್ಕಳ ವೈದ್ಯರ ಹತ್ತಿರ ಕಲಿಯಿರಿ. ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ ತಲೆ ತಗ್ಗಿಸಿ ಬೆನ್ನಿಗೆ ಐದು ಏಟು, ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತುವುದು. ಓದಿದರೆ ಬರುವುದಿಲ್ಲ, ಗೊಂಬೆಯ ಮೇಲೆ ಮಾಡಿ ಕಲಿಯಬೇಕು. ಫ್ರಿಜ್ಜಿನ ಮೇಲೆ ದೊಡ್ಡ ಅಕ್ಷರದಲ್ಲಿ ನಿಮ್ಮ ನಂಬರ್, ಪಕ್ಕದ ಮನೆಯವರದು, 108 ಬರೆದು ಅಂಟಿಸಿ. ಬಿದ್ದ ಮೇಲೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತಲೆಯಲ್ಲಿ ಮೆತ್ತನೆಯ ಊತ, ನಿಲ್ಲದ ಅಳು ಇದ್ದರೆ ನಿಮಗಾಗಿ ಕಾಯದೆ ಆಸ್ಪತ್ರೆಗೆ ಹೊರಡಲಿ. ಅದಕ್ಕೆಂದು ಮನೆಯಲ್ಲಿ ಸ್ವಲ್ಪ ಹಣವನ್ನೂ ಬೇರೆಯಾಗಿ ಇಡಿ.

ಕ್ಯಾಮೆರಾ ಹಾಕಿಸಬಾರದು ಅನ್ನುವುದಿಲ್ಲ. ಹಾಲ್‌ನಲ್ಲಿ, ತೊಟ್ಟಿಲಿರುವ ಕೋಣೆಯಲ್ಲಿ ಇರಲಿ, ಇದೆ ಎಂದು ಮೊದಲ ದಿನವೇ ತೋರಿಸಿ. ಬಚ್ಚಲಲ್ಲಿ, ಅವರು ಬಟ್ಟೆ ಬದಲಾಯಿಸುವ ಕಡೆ ಬೇಡ. ಆದರೆ ನಿಮ್ಮವರಿಗೆ ಹೇಳಿ: ಕ್ಯಾಮೆರಾದಲ್ಲಿ ಕಂಡದ್ದಕ್ಕೆಲ್ಲ ಫೋನ್ ಮಾಡಿ ‘ಯಾಕೆ ಹಾಗೆ ಎತ್ತಿಕೊಂಡ್ರಿ’ ಎನ್ನುತ್ತ ಹೋದರೆ ಅವರು ಕ್ಯಾಮೆರಾಕ್ಕಾಗಿ ಕೆಲಸ ಮಾಡತೊಡಗುತ್ತಾರೆ. ಕಾಣದ ಮೂಲೆಯಲ್ಲಿ ನಡೆದದ್ದನ್ನು ನಿಮಗೆ ಹೇಳುವುದೂ ನಿಂತುಹೋಗುತ್ತದೆ. ದಿನಾ ಸಂಜೆ ಹತ್ತು ನಿಮಿಷ ಕೂತು ‘ಇವತ್ತು ಹೇಗಿತ್ತು’ ಎಂದು ಕೇಳುವುದರಿಂದ ಹೆಚ್ಚು ತಿಳಿಯುತ್ತದೆ. ಮೊದಲ ಸಲ ಅವರು ಒಂದು ತಪ್ಪು ಹೇಳಿಕೊಂಡಾಗ ನಿಮ್ಮ ಮುಖ ಹೇಗಿರುತ್ತದೆ ಎಂಬುದರ ಮೇಲೆ ಎರಡನೆಯದನ್ನು ಹೇಳುತ್ತಾರೋ ಇಲ್ಲವೋ ನಿಂತಿದೆ. ‘ಹೇಳಿದ್ದು ಒಳ್ಳೇದಾಯ್ತು’ ಎಂಬ ಮಾತು ಮೊದಲು ಬರಲಿ, ಉಳಿದದ್ದು ಆಮೇಲೆ.

ಸಂಬಳದಲ್ಲಿ ಚೌಕಾಸಿ ಮಾಡಬೇಡಿ. ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2004ರಲ್ಲಿ. ಅದು ಅದಕ್ಕಿಂತ ಕೆಳಗೆ ಇಳಿಯಬಾರದ ಗೆರೆ, ಕೂಸನ್ನು ಕಾಯುವವರಿಗೆ ಕೊಡಬೇಕಾದ ಮೊತ್ತವಲ್ಲ. ವಾರಕ್ಕೊಂದು ರಜೆ, ಕಾಯಿಲೆ ಬಿದ್ದ ದಿನಕ್ಕೂ ಸಂಬಳ, ಹಬ್ಬಕ್ಕೆ ಊರಿಗೆ ಹೋಗಲು ಬಿಡುವು, ಮಧ್ಯಾಹ್ನದ ಬಿಸಿ ಊಟ, ಇವನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಕಾಯಿಲೆ ಬಿದ್ದ ದಿನಕ್ಕೂ ಸಂಬಳ ಸಿಗುತ್ತದೆ ಎಂದು ಗೊತ್ತಿದ್ದರೆ ಕೆಮ್ಮಿಕೊಂಡು ನಿಮ್ಮ ಕೂಸನ್ನು ಎತ್ತಿಕೊಳ್ಳಲು ಬರುವುದಿಲ್ಲ. ಪಾತ್ರೆ, ನೆಲ, ಅಡುಗೆ ಅವರ ಕೆಲಸವಲ್ಲ ಎಂದೂ ಬರೆಯಿರಿ. ಒಲೆಯ ಮೇಲೆ ಸಾರಿಟ್ಟವರ ಗಮನ ಮಗುವಿನ ಮೇಲೆ ಇರಲು ಸಾಧ್ಯವಿಲ್ಲ.

ಐದೂವರೆಯ ಮಾತು ನನಗೆ ಅವರ ಬಗ್ಗೆ ಇನ್ನಷ್ಟು ಗೌರವ ತಂದಿತು. ತಮ್ಮ ಮಕ್ಕಳು ಬೀಗ ಹಾಕಿದ ಮನೆ ಮುಂದೆ ಕಾಯಬಾರದು ಎನ್ನುವವರು ಅವರು. ನಿಮ್ಮವರು ವಾರದಲ್ಲಿ ಎಷ್ಟು ದಿನ ಬೇಗ ಬರಬಲ್ಲರು, ನೀವು ಎಷ್ಟು ದಿನ ಬೆಳಗ್ಗೆ ಏಳಕ್ಕೇ ಹೊರಟು ನಾಲ್ಕಕ್ಕೆ ಕೆಲಸ ಮುಗಿಸಬಲ್ಲಿರಿ, ಇಬ್ಬರೂ ಕೂತು ಬರೆದುಕೊಳ್ಳಿ. ಮಗು ಇಬ್ಬರದೂ, ಆ ಒಂದು ಗಂಟೆಯನ್ನು ಹೊಂದಿಸುವುದು ನಿಮ್ಮೊಬ್ಬರ ತಲೆನೋವಾಗಬಾರದು. ಒಂದೆರಡು ದಿನ ಹೊಂದದೇ ಹೋದರೆ ಮಕ್ಕಳು ಸ್ಕೂಲು ಬಿಟ್ಟು ನಿಮ್ಮ ಮನೆಗೇ ಬಂದು ಹೋಮ್‌ವರ್ಕ್ ಮಾಡಿಕೊಳ್ಳಬಹುದೇ ಎಂದು ಅವರನ್ನೇ ಕೇಳಿ ನೋಡಿ.

ಈ ಶನಿವಾರ ಕರೆಸಿ, ಭಾನುವಾರ ನಾಗರಬಾವಿಗೆ ಫೋನ್ ಮಾಡಿ. ಎರಡೂ ಸರಿ ಬಂದರೆ ಸೋಮವಾರದಿಂದ ಪ್ರಯೋಗದ ವಾರ ಶುರು ಮಾಡಿ, ಆಗಲೂ ನಿಮಗೆ ಸುಮಾರು ಮೂರು ವಾರ ಉಳಿದಿರುತ್ತದೆ. ನಾಲ್ಕು ತಿಂಗಳು ತುಂಬಿದೆ ಅಂದಿರಿ, ನಿಮ್ಮ ಮಗಳು ಇನ್ನು ಯಾವತ್ತಾದರೂ ಬೋರಲು ಬಿದ್ದಾಳು. ಅವರು ಬರುವ ಮೊದಲೇ ಮಂಚದ ಹಾಸಿಗೆಯನ್ನು ನೆಲಕ್ಕೆ ಇಳಿಸಿಬಿಡಿ.